ಪರಿಗ್ರಹ ಪರಿಮಾಣವೂ ಅಂಗಡಿಯ ತಕ್ಕಡಿಯೂ

ಶ್ರಾವಕನು ವ್ರತಗಳನ್ನು ಬಸದಿಯಲ್ಲಿ ಸ್ವೀಕರಿಸುತ್ತಾನೆ. ಆದರೆ ಅವು ಉಳಿಯುವುದೂ ಅಳಿಯುವುದೂ ಮನೆಯಲ್ಲಿ, ಹೊಲದಲ್ಲಿ, ಪೇಟೆಯಲ್ಲಿ. ದಶಲಕ್ಷಣ ಪರ್ವದಲ್ಲಿ ಉಪವಾಸವನ್ನೋ ಏಕಾಶನವನ್ನೋ ಕೈಗೊಂಡ ಗೃಹಸ್ಥನು ನಾಲಗೆಯನ್ನು ಗೆಲ್ಲುತ್ತಾನೆ. ಅದೇ ಗೃಹಸ್ಥನು ಪಾರಣೆಯ ಸಾಮಾನು ತರಲು ಚೀಲ ಹಿಡಿದು ಹೊರಟಾಗ ಕಣ್ಣನ್ನು ಗೆಲ್ಲಬಲ್ಲನೇ ಎಂಬುದು ವಿಚಾರಣೀಯವಾಗಿದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆ ಎಂಬ ಒಂದೇ ಮಾತಿನಿಂದ ಗುರುತಿಸಿದ್ದಾರೆ. ವಸ್ತುವಿನ ಇರವಿಗಿಂತ ಅದರ ಮೇಲಿನ ಮಮಕಾರವೇ ಬಂಧಕ್ಕೆ ಕಾರಣ. ಮುನಿಗಳು ಅದನ್ನು ಸಂಪೂರ್ಣವಾಗಿ ತೊರೆಯುತ್ತಾರೆ. ಗೃಹಸ್ಥನಿಗೆ ಅದು ಅಶಕ್ಯವಾದುದರಿಂದ ಅವನಿಗೆ ಪರಿಮಾಣ ವಿಧಿಸಲ್ಪಟ್ಟಿದೆ. ‘ಇಷ್ಟು ಸಾಕು’ ಎಂಬ ಮಾತೇ ಈ ಅಣುವ್ರತದ ಪ್ರಾಣ. ಅದೇ ಅಧ್ಯಾಯದಲ್ಲಿ, ಬಳಕೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಭೋಗೋಪಭೋಗದ ವಸ್ತುಗಳನ್ನು ಕೂಡಿಹಾಕುವುದು ಅನರ್ಥದಂಡ ವಿರತಿಗೆ ಅತಿಚಾರವೆಂದು ಎಣಿಸಲ್ಪಟ್ಟಿದೆ. ಹಾಗಾದರೆ ‘ಸಾಕು’ ಎಂಬ ಮಾತನ್ನು ಆಡಬೇಕಾದವರು ಯಾರು? ಕೊಳ್ಳುವ ಶ್ರಾವಕನೋ, ಮಾರುವ ಮಳಿಗೆಯೋ?

ಊರಿನ ಕಿರಾಣಿ ಅಂಗಡಿಯಲ್ಲಿ ಕೊಳ್ಳುವವನು ಬಾಯಿ ತೆರೆದು ಕೇಳಬೇಕು. ಅರ್ಧ ಕಿಲೊ ತೊಗರಿಬೇಳೆ, ಕಾಲು ಕಿಲೊ ಬೆಲ್ಲ, ನೂರು ಗ್ರಾಂ ಜೀರಿಗೆ. ಅಳತೆಯು ಮೊದಲು ಮನಸ್ಸಿನಲ್ಲಿ ಹುಟ್ಟಿ, ನಾಲಗೆಗೆ ಬಂದು, ಆಮೇಲೆ ತಕ್ಕಡಿಯನ್ನು ಏರುತ್ತದೆ. ಕೇಳದ ವಸ್ತು ಚೀಲಕ್ಕೆ ಬೀಳುವುದಿಲ್ಲ. ಕೊಳ್ಳುವವನಿಗೆ ಅರಿವಿಲ್ಲದೆಯೇ ಅಲ್ಲಿ ಪರಿಮಾಣದ ಅಭ್ಯಾಸ ನಡೆಯುತ್ತಿರುತ್ತದೆ.

ಈ ಕ್ರಮವು ಮೊದಲು ಬದಲಾದುದು ಅಮೆರಿಕೆಯಲ್ಲಿ. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು, ಗ್ರಾಹಕನೇ ಒಳಹೊಕ್ಕು ತನಗೆ ಕಂಡುದನ್ನು ತೆಗೆದುಕೊಳ್ಳುವ ಅಂಗಡಿಯನ್ನು ತೆರೆದನು. 1937ರಲ್ಲಿ ಒಕ್ಲಹೋಮ ನಗರದ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿಕಾರನು ಇನ್ನೊಂದನ್ನು ಗಮನಿಸಿದನು: ಕೈಬುಟ್ಟಿ ಭಾರವಾದೊಡನೆ ಜನರು ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. ಅವನು ಬುಟ್ಟಿಗೆ ಗಾಲಿಗಳನ್ನು ಜೋಡಿಸಿ ತಳ್ಳುಗಾಡಿಯನ್ನು ಬಳಕೆಗೆ ತಂದನು. ಕೈ ಸೋತಾಗ ಬಯಕೆಯೂ ನಿಲ್ಲುತ್ತಿತ್ತು. ಗಾಡಿ ಬಂದ ಮೇಲೆ ಕೈ ಸೋಲಲಿಲ್ಲ, ಬಯಕೆ ನಿಲ್ಲಲಿಲ್ಲ. ಭಾರತದಲ್ಲಿಯೂ 2000ದ ದಶಕದಿಂದೀಚೆಗೆ ಇಂತಹ ದೊಡ್ಡ ಮಳಿಗೆಗಳು ಮಹಾನಗರಗಳಿಂದ ಸಣ್ಣ ಪಟ್ಟಣಗಳವರೆಗೆ ಹಬ್ಬಿವೆ. ಎರಡು ಕೊಂಡರೆ ಒಂದು ಉಚಿತವೆಂಬ ಫಲಕದ ಎದುರು ನಿಂತವನಿಗೆ ತನ್ನ ಮನೆಗೆ ಒಂದೇ ಸಾಕೆಂಬುದು ಮರೆತುಹೋಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹ, ಅತಿಲೋಭ, ಅತಿಭಾರವಹನಗಳನ್ನು ಹೇಳಿರುವುದು ಇಲ್ಲಿ ಸ್ಮರಣೀಯ.

ಆಹಾರಶುದ್ಧಿಯ ದೃಷ್ಟಿಯಿಂದಲೂ ಈ ವಿಷಯ ಕ್ಷುಲ್ಲಕವಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಹಿರಿಯರು ಪಾಲಿಸಿಕೊಂಡು ಬಂದಿದ್ದಾರೆ. ದಶಲಕ್ಷಣ ಪರ್ವ ಬರುವುದೇ ಭಾದ್ರಪದದಲ್ಲಿ, ಮಳೆಗಾಲದ ನಡುವೆ. ಎಲ್ಲಿಯೋ ಬೀಸಿ, ತಿಂಗಳುಗಟ್ಟಲೆ ಬಾಳುವಂತೆ ಮೊಹರು ಮಾಡಿದ 10 ಕಿಲೊ ಚೀಲಕ್ಕೆ ಈ ಮರ್ಯಾದೆಯ ಪರಿವೆ ಎಲ್ಲಿಯದು? ಗೋಧಿಯನ್ನು ಆರಿಸಿ ಬೀದಿಯ ಗಿರಣಿಗೆ ಒಯ್ದ ಗೃಹಿಣಿಯು ಬೀಸಿದ ದಿನವನ್ನು ಬಲ್ಲಳು. ಪೊಟ್ಟಣದ ಮೇಲಿನ ಹಸಿರು ಚಿಹ್ನೆಯನ್ನು ನೋಡಿ ನಿಶ್ಚಿಂತರಾಗುವವರೂ ಇದ್ದಾರೆ. ಆ ಚಿಹ್ನೆ ಸರಕಾರದ ಲೆಕ್ಕದ ಸಸ್ಯಾಹಾರಕ್ಕೆ ಸಲ್ಲುತ್ತದೆ. ಶ್ರಾವಕನ ಭಕ್ಷ್ಯಾಭಕ್ಷ್ಯ ವಿವೇಕಕ್ಕೆ ಅದು ಸಾಲದು. ಆಲೂಗಡ್ಡೆಯ ಚಿಪ್ಸ್ ಮೇಲೆಯೂ ಜೇನಿನ ಸೀಸೆಯ ಮೇಲೆಯೂ ಅದೇ ಹಸಿರು ಚಿಹ್ನೆ ಇರುತ್ತದೆ.

ಹೀಗೆಂದ ಮಾತ್ರಕ್ಕೆ ದೊಡ್ಡ ಮಳಿಗೆಯಲ್ಲೆಲ್ಲ ಪಾಪ, ಸಣ್ಣ ಅಂಗಡಿಯಲ್ಲೆಲ್ಲ ಪುಣ್ಯವೆಂದು ತಿಳಿಯಲಾಗದು. ಅಲ್ಪ ಆದಾಯದ ಸಂಸಾರಕ್ಕೆ ಬೇಳೆಯಲ್ಲಿ ಹತ್ತು ರೂಪಾಯಿ ಉಳಿದರೆ ಅದು ಲೋಭವಲ್ಲ, ಸಂಸಾರದ ಜವಾಬ್ದಾರಿ. ಸಣ್ಣ ಅಂಗಡಿಯವನು ತೂಕದಲ್ಲಿ ಕಡಿಮೆ ಮಾಡಿದರೆ ಅದು ಹೀನಾಧಿಕ ಮಾನೋನ್ಮಾನ. ಹಳೆಯ ಸರಕನ್ನು ಹೊಸದರಲ್ಲಿ ಬೆರೆಸಿದರೆ ಅದು ಪ್ರತಿರೂಪಕ ವ್ಯವಹಾರ. ಎರಡೂ ಅಚೌರ್ಯಾಣುವ್ರತದ ಅತಿಚಾರಗಳೇ. ಅಂಗಡಿ ನಡೆಸುವ ಜೈನ ಬಂಧುಗಳು ಪರ್ವದ ದಿನಗಳಲ್ಲಿ ತಮ್ಮ ತಕ್ಕಡಿಯನ್ನೂ ಒಮ್ಮೆ ಆಲೋಚನೆಗೆ ಒಡ್ಡಬೇಕು.

ಆದರೆ ಕೊಳ್ಳುವವನ ಪಾಲಿಗೂ ಒಂದು ಪರೀಕ್ಷೆಯಿದೆ. ದೃಷ್ಟಾಂತಕ್ಕಾಗಿ ಒಬ್ಬ ಶ್ರಾವಕನನ್ನು ಭಾವಿಸಬಹುದು. ಮನೆಯಲ್ಲಿ ಕಾಯಿಲೆ ಬಂದು ಕೈ ಬರಿದಾದ ವರ್ಷ, ಬೀದಿಯ ಅಂಗಡಿಯವನು ಆರು ತಿಂಗಳು ಉದ್ರಿ ಬರೆದುಕೊಂಡು ಸಾಮಾನು ಕೊಟ್ಟನು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮುಂದೆ ಮಗನಿಗೆ ನೌಕರಿಯಾಯಿತು, ಕೈಯಲ್ಲಿ ರೊಕ್ಕ ಆಡಿತು. ಆ ರೊಕ್ಕವು ಹೊರವಲಯದ ದೊಡ್ಡ ಮಳಿಗೆಗೆ ಹೋಯಿತು. ಉದ್ರಿ ಪುಸ್ತಕದ ಹಳೆಯ ಬಾಕಿ ಹಾಗೆಯೇ ಉಳಿಯಿತು. ಅಂಗಡಿಯ ಮುಂದೆ ನಡೆಯಲು ಸಂಕೋಚವಾಗಿ ಆ ಶ್ರಾವಕನು ಬಳಸುದಾರಿ ಹಿಡಿದನು. ಹತ್ತು ದಿನ ವ್ರತವನ್ನು ನಿಷ್ಠೆಯಿಂದ ಮುಗಿಸಿ, ಕ್ಷಮಾವಾಣಿಯ ದಿನ ಊರಿನವರೆಲ್ಲರಿಗೂ ಕೈಮುಗಿದು, ಆ ಒಂದು ಬಾಗಿಲಿಗೆ ಮಾತ್ರ ಹೋಗಲಿಲ್ಲ. ಅವನ ಉಪವಾಸದಲ್ಲಿ ಕೊರತೆಯಿದ್ದುದು ಎಲ್ಲಿ ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಹತ್ತು ಧರ್ಮಗಳಲ್ಲಿ ಶೌಚವೆಂದರೆ ಲೋಭದ ಕೊಳೆಯನ್ನು ತೊಳೆಯುವುದು. ಸ್ನಾನವೊಂದರಿಂದ ಅದು ಸಿದ್ಧಿಸದು.

ವ್ರತಗಳನ್ನು ಕಾಲಮಿತಿಯುಳ್ಳ ನಿಯಮವಾಗಿಯೂ ಜೀವನಪರ್ಯಂತದ ಯಮವಾಗಿಯೂ ಕೈಗೊಳ್ಳಲು ಶಾಸ್ತ್ರದಲ್ಲಿ ಅವಕಾಶವಿದೆ. ಚಾತುರ್ಮಾಸದ ನಾಲ್ಕು ತಿಂಗಳಿಗೆ ಪ್ರತಿಯೊಂದು ಮನೆಯವರೂ ಮೂರು ನಿಯಮಗಳನ್ನು ಕೈಗೊಳ್ಳಬಹುದು. ಮನೆಯಿಂದ ಹೊರಡುವ ಮೊದಲೇ ಬೇಕಾದ ಸಾಮಾನನ್ನೂ ಅದರ ಅಳತೆಯನ್ನೂ ಬರೆದುಕೊಂಡು, ಪಟ್ಟಿಯಲ್ಲಿಲ್ಲದುದನ್ನು ಯಾವ ಮಳಿಗೆಯಲ್ಲಿಯೂ ಮುಟ್ಟದಿರುವುದು ಮೊದಲನೆಯದು. ಪರ್ವದ ಧಾನ್ಯವನ್ನು ಬಿಡಿಯಾಗಿ ಕೊಂಡು, ಕಣ್ಣಾರೆ ಶೋಧಿಸಿ ಬೀಸಿಸುವುದು ಎರಡನೆಯದು. ಕಷ್ಟಕಾಲದಲ್ಲಿ ಕಾದವನ ಬಾಕಿಯನ್ನು ಪರ್ವ ಮುಗಿಯುವುದರೊಳಗೆ ತೀರಿಸಿ, ಸುಖಕಾಲದ ರೊಕ್ಕದಲ್ಲಿಯೂ ಅವನಿಗೆ ಪಾಲು ಸಲ್ಲಿಸುವುದು ಮೂರನೆಯದು.

ಇವುಗಳಿಗೆ ವಿದ್ವತ್ತು ಬೇಡ, ಧನ ಬೇಡ. ಚೀಲ ಹಿಡಿದು ಹೊರಟ ಕೈಗೆ ‘ಸಾಕು’ ಎನ್ನುವ ಮನಸ್ಸಿದ್ದರೆ ಸಾಕು. ಅಂತಹ ಮನೆಯವರು ಕ್ಷಮಾವಾಣಿಯ ದಿನ ಅಂಗಡಿಯ ಕಟ್ಟೆಯ ಮುಂದೆ ನಿಂತು ಕೈಮುಗಿದಾಗ, ಆ ಕೈಗಳು ಹಗುರವಾಗಿರುತ್ತವೆ.