ಜಾಡು ಮತ್ತು ಹೊಣೆ

ಇರುವೆಯ ಸಾಲಿನ ಶಿಸ್ತನ್ನು ಕೊಂಡಾಡದವರಿಲ್ಲ. ಆದರೆ ಆ ಶಿಸ್ತಿಗೆ ಶಾಸಕನಾರು? ನಾವು ರಾಣಿಯೆಂದು ಕರೆಯುವ ಹುಳು ಮೊಟ್ಟೆಯಿಡುವುದೇ ಹೊರತು ಯಾವ ಆಜ್ಞೆಯನ್ನೂ ಹೊರಡಿಸದು. ಗೆದ್ದಲನ್ನು ದುಡಿಸುವುದು ಒಡೆಯನಲ್ಲ, ಆಗಲೇ ನಡೆದಿರುವ ಕೆಲಸವೇ ಎಂದು ಫ್ರಾನ್ಸಿನ ಗ್ರಾಸೆ ಎಂಬ ಪಂಡಿತರು 1959ರಲ್ಲಿ ವಿವರಿಸಿದರು.

ಬ್ರಸೆಲ್ಸಿನಲ್ಲಿ ಡೆನ್ಯೂಬೂರ್ ಮತ್ತು ಅವರ ಸಂಗಡಿಗರು ಇರುವೆಗೂಡಿಗೂ ಆಹಾರಕ್ಕೂ ನಡುವೆ ಎರಡು ಕವಲಿನ ಸೇತುವೆಯನ್ನಿಟ್ಟರು. ಒಂದು ಕವಲು ಗಿಡ್ಡ, ಒಂದು ಉದ್ದ. 1989ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಇರುವೆಗಳು ಮೊದಲು ಎರಡರಲ್ಲಿಯೂ ನಡೆದುವು. ಗಿಡ್ಡ ಕವಲಿನಲ್ಲಿ ಹೋದುವು ಬೇಗ ಮರಳಿದುದರಿಂದ ಅಲ್ಲಿ ಗಂಧವು ಬೇಗ ಹೆಚ್ಚಿತು. ಗಂಧವಿದ್ದೆಡೆಗೆ ಮಿಕ್ಕವು ಹೊರಳಿದುವು. ದಾರಿಯನ್ನು ಅಳೆದ ಇರುವೆ ಒಂದೂ ಇಲ್ಲ. ಆದರೆ ಗಿಡ್ಡ ಕವಲನ್ನು ತಡವಾಗಿ ತೆರೆದಾಗ ಹೆಚ್ಚಿನವು ಉದ್ದದ ದಾರಿಯಲ್ಲಿಯೇ ಉಳಿದುವು!

ಇದಕ್ಕಿಂತ ದಾರುಣವಾದುದನ್ನು ವಿಲಿಯಂ ಬೀಬ್ ಎಂಬವರು ಗಯಾನಾದ ಕಾಡಿನಲ್ಲಿ ಕಂಡು 1921ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ದಂಡಿರುವೆಗಳು ಒಂದರ ಹಿಂದೊಂದು 1200 ಅಡಿ ಸುತ್ತಳತೆಯ ಚಕ್ರದಲ್ಲಿ ಸಿಲುಕಿ, ಸುತ್ತಿಗೆ ಎರಡೂವರೆ ಗಂಟೆಯಂತೆ ಸುತ್ತುತ್ತ, ಬಹುಪಾಲು ಅಲ್ಲಿಯೇ ಸತ್ತುವು. ಕೊಂದವರು ಯಾರು?

ಮಿಲಾನಿನ ಮಾರ್ಕೊ ಡೊರಿಗೊ 1992ರ ತಮ್ಮ ಪ್ರಬಂಧದಲ್ಲಿ ಇಂಥ ಇರುವೆಗಳನ್ನು ಕಂಪ್ಯೂಟರಿನೊಳಗೆ ಕಲ್ಪಿಸಿ, ಹಲವು ಊರುಗಳನ್ನು ಸುತ್ತಿಬರುವ ಕಡಮೆಯ ದಾರಿಯನ್ನು ಅವುಗಳಿಂದಲೇ ಹುಡುಕಿಸಿದರು. ಅಲ್ಲಿನ ಕಟ್ಟಳೆ ಅತ್ಯಲ್ಪ. ಗಂಧವನ್ನೂ ಊರುಗಳ ಸಾಮೀಪ್ಯವನ್ನೂ ನೋಡಿ ನಡೆಯುವುದು, ನಡೆದಲ್ಲಿ ಗಂಧವನ್ನಿಡುವುದು. ಆದರೆ ಗಂಧವು ಕ್ರಮೇಣ ಆರಿಹೋಗಬೇಕೆಂದೂ ಅವರು ವಿಧಿಸಿದರು. ಮರೆವಿಲ್ಲದಿದ್ದರೆ ಮೊದಲು ಸಿಕ್ಕಿದ ಕೆಟ್ಟ ದಾರಿಯೇ ಶಾಶ್ವತವಾಗುವ ಭಯವಿತ್ತು.

ಇಷ್ಟನ್ನು ಕೇಳಿ ಕೆಲವರು, ಸಮೂಹದ ತಪ್ಪಿಗೆ ಕರ್ತೃವೇ ಇಲ್ಲವಾದ್ದರಿಂದ ದೋಷಿಯೂ ಇಲ್ಲ ಎನ್ನುವರು. ನಾನು ಒಪ್ಪಲಾರೆ. ಜಾಡೆಂಬುದು ಹನಿಗಳ ಮೊತ್ತ. ಒಂದೊಂದು ಹನಿಯನ್ನೂ ಯಾರೋ ಇಟ್ಟಿರುವರು. ವರದಕ್ಷಿಣೆಯ ಮಾತು ಬಂದಾಗ ಓದಿದ ಮನೆಗಳಲ್ಲಿಯೂ “ಎಲ್ಲರೂ ಕೊಡುತ್ತಾರೆ, ನಾವೇನು ಮಾಡೋಣ” ಎನ್ನುವುದುಂಟು. ಆ ‘ಎಲ್ಲರೂ’ ಎಂಬುದರಲ್ಲಿ ಹೇಳುವವನೂ ಸೇರಿದವನೇ ಅಲ್ಲವೆ? ಒಬ್ಬನು ಬಿಟ್ಟರೆ ಜಾಡು ಅಳಿಯದೆಂಬುದು ನಿಜ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಬಿಟ್ಟವನ ಮಗಳೇ ಅದರ ಬೆಲೆಯನ್ನು ತೆರಬೇಕಾದೀತು. ಆದರೆ ಪಡೆಯುವವನಿಗೆ ಈ ನೆಪವೂ ಇಲ್ಲ. 1961ರಲ್ಲಿ ನಿಷೇಧದ ಶಾಸನವಾಯಿತು, ಗಂಧವು ಆರಲಿಲ್ಲ.

ಇನ್ನೊಂದು ಭೇದವುಂಟು. ಡೊರಿಗೊ ಅವರ ಯಂತ್ರದಲ್ಲಿ ಹೆಚ್ಚು ಗಂಧವನ್ನಿಡುವ ಅಧಿಕಾರವು ಕಡಮೆಯ ದಾರಿಯನ್ನು ಕಂಡ ಇರುವೆಗೆ ಮಾತ್ರ. ನಮ್ಮಲ್ಲಿ ಅದು ದೊಡ್ಡ ಚಪ್ಪರ ಹಾಕಿಸಿದವನಿಗೆ. ಅವನ ದಾರಿ ಎಂಥದೆಂದು ಯಾರೂ ಅಳೆಯುವುದಿಲ್ಲ, ಮರುವರ್ಷ ಪಕ್ಕದ ಮನೆಯವರು ಸಾಲಪತ್ರಕ್ಕೆ ರುಜು ಹಾಕುವರು.