ನುಣ್ಣನೆಯ ಬೆಟ್ಟ, ಲಾಂಗು–ಮಚ್ಚಿನ ಸಿನಿಮಾ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಹಿರಿಯರು ಬಳಸುವುದು ಹೆಚ್ಚಾಗಿ ಬುದ್ಧಿ ಹೇಳಲಿಕ್ಕೆ. ಪಟ್ಟಣದ ನೌಕರಿಯನ್ನೋ ನೆರೆಮನೆಯವರ ಸಂಸಾರವನ್ನೋ ಕಂಡು ಬಾಯಿ ಬಿಡುವವರಿಗೆ, ಹತ್ತಿರ ಹೋಗಿ ನೋಡು, ಅಲ್ಲಿರುವುದೂ ಕಲ್ಲುಮುಳ್ಳೇ ಎಂದು ಎಚ್ಚರಿಸುವ ಮಾತು ಅದು. ಆದರೆ ಗಾದೆ ಇನ್ನೊಂದನ್ನೂ ಒಪ್ಪಿಕೊಂಡಿದೆ. ದೂರ ನಿಂತವನ ಕಣ್ಣಿಗೆ ಬೆಟ್ಟ ನಿಜಕ್ಕೂ ಚೆಂದ. ಹಾಗಾದರೆ ಕಲ್ಲುಮುಳ್ಳೂ ಕಾಣಬೇಕು, ಕಾಲಿಗೂ ಚುಚ್ಚಬಾರದು ಎನ್ನುವವರು ಎಲ್ಲಿ ನಿಲ್ಲಬೇಕು? ಗೆಳೆಯನ ಜೊತೆ ರೌಡಿಸಂ ಸಿನಿಮಾಕ್ಕೆ ಹೊರಡುವವರನ್ನು ಕೇಳಬಹುದಾದ ಪ್ರಶ್ನೆ ಇದು.

ಅಂಥ ಜೋಡಿಗಳು ಊರೂರಲ್ಲಿವೆ. ‘ಆ ಹೊಡೆದಾಟ, ರಕ್ತ ನಮಗೆ ಬೇಡ’ ಎಂದು ಮನೆಯವರು ಹಿಂದೆ ಸರಿದಾಗ ಫೋನು ಹೋಗುವುದು ಅದೇ ಗೆಳೆಯನಿಗೆ. ಟಿಕೆಟ್ ಒಬ್ಬನದು, ಇಂಟರ್‌ವಲ್ಲಿನ ಕಾಫಿ–ಪಫ್ಸ್ ಇನ್ನೊಬ್ಬನದು. ಹಗಲೆಲ್ಲ ಬ್ಯಾಂಕಿನಲ್ಲೋ ಶಾಲೆಯಲ್ಲೋ ತಲೆ ತಗ್ಗಿಸಿ ದುಡಿದು, ಟ್ರಾಫಿಕ್ಕಿನಲ್ಲಿ ಯಾರಾದರೂ ಬೈದರೂ ಸುಮ್ಮನೆ ಮುಂದೆ ಸಾಗುವ ಈ ಇಬ್ಬರು, ಪರದೆಯ ಮೇಲೆ ಯಾರೋ ಯಾರಿಗೋ ‘ಸ್ಕೆಚ್’ ಹಾಕುವುದನ್ನು ಸೀಟಿನ ತುದಿಗೆ ಬಂದು ನೋಡುತ್ತಾರೆ.

ಕನ್ನಡದಲ್ಲಿ ಈ ಬೆಟ್ಟವನ್ನು ಹತ್ತಿರಕ್ಕೆ ತಂದ ಚಿತ್ರಗಳಲ್ಲಿ 1995ರ ‘ಓಂ’ ಮುಖ್ಯವಾದದ್ದು. ಉಪೇಂದ್ರ ನಿರ್ದೇಶನದ ಆ ಚಿತ್ರದಲ್ಲಿ ಶಿವರಾಜ್‌ಕುಮಾರ್ ಅರ್ಚಕರ ಮಗ ಸತ್ಯ; ಕೈಗೆ ಬರುವುದು ಲಾಂಗು. ಬೆಂಗಳೂರಿನ ನಿಜವಾದ ರೌಡಿಗಳೇ ಕ್ಯಾಮೆರಾ ಮುಂದೆ ಬಂದರು. ಸುಮಾರು ಎರಡು ದಶಕ ಟಿವಿಗೆ ಬಾರದ ‘ಓಂ’, ಥಿಯೇಟರಿಗೆ ಮಾತ್ರ ಮತ್ತೆ ಮತ್ತೆ ಬಂತು. ರೌಡಿಯಾದರೆ ಗತಿ ಇದು ಎಂದು ಚಿತ್ರ ಹೇಳುತ್ತಿದ್ದರೂ, ನೋಡಿದ ಹುಡುಗರಲ್ಲಿ ಎಷ್ಟೋ ಮಂದಿಗೆ ನೆನಪುಳಿದದ್ದು ಸತ್ಯನ ಗತ್ತು. ಬೆಟ್ಟ ಹತ್ತಿರ ಬಂದರೂ ಹೀರೋ ನಿಂತ ಜಾಗ ನುಣ್ಣಗೇ ಉಳಿದಿತ್ತು.

2007ರ ‘ಆ ದಿನಗಳು’ ಇನ್ನಷ್ಟು ಹತ್ತಿರ ಹೋಯಿತು. ಆ ಲೋಕದಲ್ಲೇ ಇದ್ದು ಬಂದ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಅದಕ್ಕೆ ಆಧಾರ, ನಿರ್ದೇಶಕ ಕೆ.ಎಂ. ಚೈತನ್ಯ. ಕೊತ್ವಾಲ್ ರಾಮಚಂದ್ರ, ಜಯರಾಜ್ ಎಂಬ ಹೆಸರುಗಳು 1980ರ ದಶಕದ ಬೆಂಗಳೂರಿನ ಪತ್ರಿಕೆಗಳಲ್ಲಿ ಓದಿದವರಿಗೆ ದೂರದ ಬೆಟ್ಟಗಳು. ಚಿತ್ರದಲ್ಲಿ ಅದೇ ದಾದಾಗಳು ಹತ್ತಿರದಿಂದ ಕಾಣುತ್ತಾರೆ. ಹೆದರಿಸುವವನ ಬೆನ್ನಿಗೂ ಒಂದು ಹೆದರಿಕೆ ಅಂಟಿಕೊಂಡಿರುತ್ತದೆ.

ಇಷ್ಟು ಹತ್ತಿರ ಹೋದರೂ ನೋಡುಗ ಸವಿಯುವುದು ಹೇಗೆ? ಭರತನ ನಾಟ್ಯಶಾಸ್ತ್ರ ಭಯಾನಕವನ್ನೂ ಬೀಭತ್ಸವನ್ನೂ ರಸಗಳ ಸಾಲಿನಲ್ಲೇ ಇಟ್ಟಿದೆ. ಅದಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ ಕೊಡುವ ಉದಾಹರಣೆ, ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆ. ಅಲ್ಲಿ ಸಹೃದಯನಿಗೆ ‘ನಾನು ಹೆದರಿದೆ’ ಎಂದಾಗಲಿ ‘ಅದು ಹೆದರಿತು’ ಎಂದಾಗಲಿ ಅನ್ನಿಸುವುದಿಲ್ಲ. ಯಾರದೂ ಅಲ್ಲದ ಭಯವೊಂದೇ ಎದುರಿಗಿರುತ್ತದೆ. ತನ್ನದೇ ಸುಖದುಃಖದಲ್ಲಿ ಮುಳುಗಿದವನಿಗೆ ರಸ ದಕ್ಕದು ಎಂದೂ ಅವನು ಹೇಳುತ್ತಾನೆ. ಮನೆಯಲ್ಲಿ ಕೊಲೆ ಕಂಡವರನ್ನು ಈ ಸಿನಿಮಾಗಳಿಗೆ ಯಾರೂ ಕರೆಯದಿರುವುದು ಇದೇ ಕಾರಣಕ್ಕೆ. ಅವರು ಬೆಟ್ಟದ ಮೇಲೇ ಇದ್ದಾರೆ.

2021ರ ‘ಗರುಡ ಗಮನ ವೃಷಭ ವಾಹನ’ ಈ ಅಂತರವನ್ನೇ ಪರೀಕ್ಷೆಗೆ ಇಡುತ್ತದೆ. ಮಂಗಳೂರಿನ ಮಂಗಳಾದೇವಿಯ ಇಬ್ಬರು ಗೆಳೆಯರ ಕಥೆ ಅದು. ಹರಿಯಾಗಿ ರಿಷಬ್ ಶೆಟ್ಟಿ. ಚಿತ್ರವನ್ನು ಬರೆದು ನಿರ್ದೇಶಿಸಿದ ರಾಜ್ ಬಿ. ಶೆಟ್ಟಿಯೇ ಶಿವ. ಒಂದು ಕೊಲೆಯ ಬೆನ್ನಿಗೇ ಶಿವ ಸುರಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಹಿನ್ನೆಲೆಯಲ್ಲಿ ತಾಸೆಯ ಬದಲು ‘ಸೋಜುಗಾದ ಸೂಜುಮಲ್ಲಿಗೆ’, ಮಾದೇಶ್ವರನನ್ನು ನೆನೆಯುವ ಜನಪದ ಹಾಡು. ಭಕ್ತಿಯ ದನಿ, ಕೊಂದ ಕೈ, ದಸರೆಯ ಬೀದಿಯ ಕುಣಿತ ಒಂದೇ ಚೌಕಟ್ಟಿಗೆ ಬಂದಾಗ ಥಿಯೇಟರಿನಲ್ಲಿ ಶಿಳ್ಳೆಯೂ ಏಳುತ್ತದೆ, ಮೈಯೂ ಜುಮ್ಮೆನ್ನುತ್ತದೆ.

ಆ ಕ್ಷಣದಲ್ಲಿ ಪಕ್ಕದ ಸೀಟು ಖಾಲಿ ಇರಬಾರದು. ಫೋನಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುವವನು ಬೇಡವೆನಿಸಿದಾಗ ಬೆರಳಲ್ಲೇ ದೃಶ್ಯವನ್ನು ಮುಂದಕ್ಕೆ ಓಡಿಸಬಲ್ಲ. ಥಿಯೇಟರಿನಲ್ಲಿ ಆ ಅನುಕೂಲವಿಲ್ಲ. ಕಣ್ಣು ತಪ್ಪಿಸಿದರೆ ಸಿಗುವುದು ಗೆಳೆಯನ ಮುಖ. ಅವನೂ ಹುಬ್ಬು ಗಂಟಿಕ್ಕಿರುತ್ತಾನೆ, ಇಲ್ಲವೇ ನಗುತ್ತಿರುತ್ತಾನೆ. ಪರದೆಯವರೆಗೆ ಹೋಗಿಬಿಟ್ಟಿದ್ದ ಮನಸ್ಸು ಸೀಟಿಗೆ ವಾಪಸ್ಸಾಗಲು ಅಷ್ಟು ಸಾಕು. ಗೆಳೆಯರಿಬ್ಬರ ಕಥೆಯನ್ನು ಗೆಳೆಯರಿಬ್ಬರು ನೋಡುವಾಗಲಂತೂ, ಹರಿ–ಶಿವರ ನಡುವೆ ಬಿರುಕು ಬಿಟ್ಟಂತೆ ಈ ಕಡೆ ಪಿಸುಮಾತೂ ನಿಂತುಹೋಗುತ್ತದೆ.

ಮಾತು ಮತ್ತೆ ಶುರುವಾಗುವುದು ಪಾರ್ಕಿಂಗಿನಲ್ಲಿ, ಸ್ಕೂಟರ್ ಹೊರಗೆಳೆಯುವಾಗ.

‘ಅಲ್ಲ ಮಗಾ, ಅವ್ನು ಕೊಂದ್ಬಂದು ಕುಣಿದ್ರೆ ನೀನು ಶಿಳ್ಳೆ ಹೊಡೀತೀಯಲ್ಲ!’

‘ನಾನು ಹೊಡೆದಿದ್ದು ಆ ಸ್ಟೆಪ್ಪಿಗೆ ಕಣೋ, ಕೊಲೆಗಲ್ಲ.’

‘ಕೊಲೆ ಇಲ್ದಿದ್ರೆ ಆ ಸ್ಟೆಪ್ಪಿಗೆ ಅಷ್ಟು ಕಿಕ್ ಇರ್ತಿತ್ತಾ?’