ಜಪಮಾಲೆಯ ಸಂಖ್ಯೆ, ಪಾಠಶಾಲೆಯ ಗಣಿತ

ಜೈನ ಮನೆತನಗಳಲ್ಲಿ ಮಗುವಿಗೆ ಸಂಖ್ಯೆಗಳ ಪರಿಚಯ ಪಾಠಶಾಲೆಗಿಂತ ಮೊದಲೇ ಆಗುತ್ತದೆ. ರತ್ನತ್ರಯ ಮೂರು, ಕಷಾಯ ನಾಲ್ಕು, ಅಣುವ್ರತ ಐದು, ದ್ರವ್ಯ ಆರು, ತತ್ತ್ವ ಏಳು, ಕರ್ಮ ಎಂಟು. ಸೇಲಂ, ಧರ್ಮಪುರಿ ಜಿಲ್ಲೆಗಳ ಶ್ರಾವಕರಲ್ಲಿ ಕನ್ನಡದವರು ‘ಎಂಟು’ ಎಂದರೆ ತಮಿಳರು ‘ಎಟ್ಟು’ ಎನ್ನುತ್ತಾರೆ, ಮಾರವಾಡಿ, ಗುಜರಾತಿಗಳು ‘ಆಠ್’ ಎನ್ನುತ್ತಾರೆ. ಎಣಿಸುವ ಕರ್ಮಗಳು ಅವೇ. ಶಾಲೆಯಲ್ಲಾದರೋ ಎಂಟು ಎಂಬುದು ಏಳರ ಮುಂದಿನ ಅಂಕೆ ಮಾತ್ರ. ಹಾಗಾದರೆ ಮನೆಯ ಸಂಖ್ಯೆ ಪವಿತ್ರ, ಶಾಲೆಯ ಸಂಖ್ಯೆ ಕೇವಲ ಲೌಕಿಕ ಎಂದು ಬೇರ್ಪಡಿಸುವುದು ಯುಕ್ತವೆ?

ಜಪಮಾಲೆಯ 108 ಮಣಿಗಳನ್ನೇ ಪರಿಶೀಲಿಸಬಹುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮಾಸ್ರವದ ಬಗೆಗಳನ್ನು ವಿವರಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ಬಳಿಕ ನಾಲ್ಕರಿಂದ ಗುಣಿಸಿದರೆ 108. ಗುಣಾಕಾರ ಬಲ್ಲ ಬಾಲಕನಿಗೆ ಮಾತ್ರ ಈ ಸಂಖ್ಯೆಯ ಅರ್ಥ ತೆರೆದುಕೊಳ್ಳುತ್ತದೆ. ಇತರರಿಗೆ ಅದು ನಮಸ್ಕರಿಸಿ ಮುಗಿಸುವ ಸಂಖ್ಯೆಯಷ್ಟೆ.

ಪಂಚಪರಮೇಷ್ಠಿಗಳ ಗುಣಗಳನ್ನು ಶ್ವೇತಾಂಬರರು 12, 8, 36, 25, 27 ಎಂದೆಣಿಸಿ 108 ಎನ್ನುತ್ತಾರೆ; ದಿಗಂಬರರು 46, 8, 36, 25, 28 ಎಂದೆಣಿಸಿ 143 ಎನ್ನುತ್ತಾರೆ. ಎರಡು ಸಂಕಲನಗಳೂ ಸರಿ. ಭೇದವಿರುವುದು ಗುಣಗಳನ್ನು ವಿಂಗಡಿಸಿದ ಕ್ರಮದಲ್ಲಿ. ಅನೇಕಾಂತವೆಂದರೆ ಒಂದು ಲೆಕ್ಕಕ್ಕೆ ಎರಡು ಉತ್ತರಗಳನ್ನು ಒಪ್ಪುವುದಲ್ಲ. ಯಾವುದನ್ನು, ಯಾವ ದೃಷ್ಟಿಯಿಂದ ಎಣಿಸಲಾಗಿದೆ ಎಂದು ಮೊದಲು ವಿಚಾರಿಸುವುದು.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಭಗವಾನ್ ಮಹಾವೀರರಿಗೆ ನಮಸ್ಕರಿಸಿಯೇ ಆರಂಭಿಸಿದರು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಅದನ್ನು ಪ್ರಕಟಿಸಿದರು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದು ಎಂಬ ಅವರ ಮಾತನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಅದರಿಂದ ಆಚಾರ್ಯರ ಗೌರವಕ್ಕೆ ಕುಂದಿಲ್ಲ. ಪೂಜ್ಯರ ಮಾತನ್ನೂ ಪರೀಕ್ಷಿಸಿ ಸ್ವೀಕರಿಸುವ ಧೈರ್ಯವನ್ನು ಗಣಿತವು ವಿದ್ಯಾರ್ಥಿಗೆ ವಿನಯದೊಡನೆಯೇ ಕಲಿಸುತ್ತದೆ.

ತಗಡೂರೆಂದು ಹೆಸರಾಗಿದ್ದ ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಕಾಲದ, ಶಕ 815ರ (ಕ್ರಿ.ಶ. 893) ಕನ್ನಡ ಶಾಸನವಿದೆ. ನಿಧಿಯಣ್ಣ, ಚಂದಿಯಣ್ಣರು ಅಲ್ಲಿ ಬಸದಿ ಕಟ್ಟಿಸಿದುದನ್ನು ಅದು ತಿಳಿಸುತ್ತದೆ. ಅವರು ವ್ಯಾಪಾರಿಯ ಮಕ್ಕಳು. ವ್ಯಾಪಾರ ಮಾಡುವ ಶ್ರಾವಕನಿಗೆ ಲೆಕ್ಕವೂ ವ್ರತದ ಅಂಗ. ತೂಕ, ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರ. ಸುಳ್ಳು ಬರಹ ಸತ್ಯಾಣುವ್ರತದ ಅತಿಚಾರ. ಶಾಲೆಯ ಪುಸ್ತಕದಲ್ಲಿ ತಪ್ಪಿದ ಲೆಕ್ಕವನ್ನು ಮುಚ್ಚಿಡದೆ ತಿದ್ದುವ ಬಾಲಕಿ ಮುಂದೆ ಅಂಗಡಿಯ ಖಾತೆಯಲ್ಲಿ ಪಾಲಿಸಬೇಕಾದ ವ್ರತವನ್ನೇ ಅಭ್ಯಾಸ ಮಾಡುತ್ತಿರುತ್ತಾಳೆ.

ಪರೀಕ್ಷೆ ಬಂದಾಗ ಕೆಲವು ಪಾಲಕರು ಅದೃಷ್ಟಸಂಖ್ಯೆಗಳನ್ನು ಹುಡುಕುತ್ತಾರೆ. ಫಲವು ಸ್ವಂತ ಕರ್ಮ, ಪುರುಷಾರ್ಥಗಳಿಂದ ಎಂದು ಸಾರುವ ಧರ್ಮದಲ್ಲಿ ಅಂಕೆಯೊಂದು ವರ ಕೊಡಲಾರದು. ಎಂಟು ಶುಭವೂ ಅಲ್ಲ, ಅಶುಭವೂ ಅಲ್ಲ. ಕ್ಷಯಿಸಬೇಕಾದ ಕರ್ಮಗಳು ಎಂಟು ಎಂಬುದನ್ನು ಅದು ನೆನಪಿಸುತ್ತದೆ. ಮಕ್ಕಳಿಗೆ ಮಾಲೆಯನ್ನು ಕೊಡುವ ಹಿರಿಯರು ಅದರೊಡನೆ ಮಗ್ಗಿಯನ್ನೂ ಕಲಿಸಲಿ. ಎಣಿಸುವ ಬೆರಳಿಗೆ ಭಕ್ತಿ, ಲೆಕ್ಕಿಸುವ ಬುದ್ಧಿಗೆ ಸತ್ಯ ಎರಡೂ ಬೇಕು.